ಸಕ್ಕರೆ ಡಬ್ಬಿ

ಸಕ್ಕರೆ ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ತೆಗೆಯುವ ವಿದ್ಯೆ ಅವಳಿಗೆ ಈಚೆಗೆ ಕರಗತವಾಗಿತ್ತು. ಎಡಗೈ ಹೆಬ್ಬೆರಳನ್ನು ಅಂಚಿಗೆ ಒತ್ತಿ, ಬಲಗೈಯಿಂದ ಅಷ್ಟಷ್ಟೇ ತಿರುವಿ, ಉಸಿರು ಬಿಗಿಹಿಡಿದು ಎತ್ತಿದರೆ ತಗಡಿಗೆ ತಗಡು ತಾಗುವುದಿಲ್ಲ. ವರ್ಷಗಟ್ಟಲೆ ಓದಿ, ಹೆಸರಿನ ಮುಂದೆ ಡಾಕ್ಟರ್ ಎಂದು ಅಂಟಿಸಿಕೊಂಡು, ನಲವತ್ತು ದಾಟಿದ ಮೇಲೆ ತನ್ನದೇ ಮನೆಯ ಅಡುಗೆಮನೆಯಲ್ಲಿ ಬೆಕ್ಕಿನ ಹಾಗೆ ಕದ್ದು ತಿನ್ನುವ ಗತಿ ಬಂತಲ್ಲ ಎಂದು ಅವಳಿಗೆ ನಗು ಬಂತು. ಆ ನಗುವನ್ನೂ ಸದ್ದಾಗದ ಹಾಗೆಯೇ ನುಂಗಿದಳು. ಹಿಟ್ಟಿನ ಡಬ್ಬಿಯ ಹಿಂದೆ ಅವಿತಿಟ್ಟಿದ್ದ ಆ ಡಬ್ಬಿಯೊಳಗೆ ಬಗ್ಗಿ ನೋಡಿದರೆ ತಳ ಕಾಣುತ್ತಿತ್ತು. ಮೊನ್ನೆ ಮೊನ್ನೆ ತುಂಬಿಸಿದ್ದು. ಬೆಳಿಗ್ಗೆ ಕಾಫಿಗೆ ಒಂದು ಚಮಚ, ಸಂಜೆ ಬಂದ ಮೇಲೆ ಬಾಯಿಗೆ ಒಂದು ಚಿಟಿಕೆ, ಇಷ್ಟಕ್ಕೇ ಇಷ್ಟು ಖಾಲಿಯೇ? ತನಗೆ ಗೊತ್ತಿಲ್ಲದೆ ಕೈ ಎಷ್ಟು ಸಲ ಒಳಗೆ ಹೋಗಿದೆಯೋ, ಚಪಲ ಹತೋಟಿ ಮೀರುತ್ತಿದೆ ಎಂದುಕೊಂಡಳು. ಹೊರಗೆ ಭಾವ ಕೆಮ್ಮಿದರು. ಅವಳು ಚಮಚವನ್ನು ಕಾಫಿಯೊಳಗೆ ಅದ್ದಿ, ಬಟ್ಟಲಿನ ಅಂಚಿಗೆ ತಾಗಿಸದೆ ಕಲಕಿ, ಡಬ್ಬಿಯನ್ನು ಅದರ ಜಾಗಕ್ಕೆ ತಳ್ಳಿದಳು.

ಈ ಮನೆಯಲ್ಲಿ ಸಕ್ಕರೆ ನಿಂತುಹೋದದ್ದು ಅವಳ ಬಾಯಿಯಿಂದಲೇ. ಅಕ್ಕನ ಚಿಕಿತ್ಸೆಗೆ ಆಸ್ಪತ್ರೆ ಹತ್ತಿರವಾಗಲಿ ಎಂದು ಅಕ್ಕ, ಭಾವ ಇಬ್ಬರೂ ಅವಳಲ್ಲಿಗೆ ಬಂದಿಳಿದ ಹೊಸತರಲ್ಲಿ, ಊಟ ಮಾಡುತ್ತ ಭಾವ, "ಅಲ್ಲ ಪುಟ್ಟಿ, ದಿನಾ ಬೆಳಗಾದ್ರೆ ಹೋಗ್ತೀಯಲ್ಲ, ಅಲ್ಲಿ ನೀನು ಮಾಡೋದೇನು? ನಮ್ಮಂಥೋರಿಗೂ ಅರ್ಥ ಆಗೋ ಹಾಗೆ ಹೇಳು ನೋಡೋಣ," ಎಂದಿದ್ದರು. ಮನೆಯವರು ಯಾರೂ ಅವಳನ್ನು ಹಾಗೆ ಕೇಳಿದ್ದೇ ಇಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರುಂಟು, ಸಂಬಳ ಎಷ್ಟು ಎಂದು ಕೇಳಿದವರುಂಟು. ಅವಳಿಗೆ ಮೈಮೇಲೆ ಬಂದಂತಾಯಿತು. ಚಮಚವನ್ನು ಔಷಧಿ ಮಾಡಿ, ಲೋಟವನ್ನು ಜೀವಕೋಶ ಮಾಡಿ, "ನೋಡಿ ಭಾವ, ಕ್ಯಾನ್ಸರ್ ಜೀವಕೋಶಕ್ಕೆ ಸಕ್ಕರೆ ಅಂದ್ರೆ ಪ್ರಾಣ. ಬೇರೆ ಜೀವಕೋಶ ಒಂದು ತುತ್ತು ತಿನ್ನೋದರಲ್ಲಿ ಇದು ಹತ್ತು ತುತ್ತು ಬಾಚ್ಕೊಳ್ಳುತ್ತೆ. ಅದರ ಆ ಹಪಾಹಪೀನೇ ನಾವು ಹಿಡ್ಕೊಂಡಿರೋದು. ಔಷಧಿಗೆ ಒಂದು ಸಕ್ಕರೆ ಅಂಟಿಸಿ ಕಳಿಸ್ತೀವಿ. ಸಕ್ಕರೆ ಬಂತು ಅಂತ ಅದು ಬಾಗಿಲು ತೆಗೆಯುತ್ತೆ. ಒಳಗೆ ಹೋದ್ಮೇಲೆ ಅಂಟು ಬಿಡುತ್ತೆ, ಔಷಧಿ ಈಚೆ ಬರುತ್ತೆ. ಕಥೆ ಮುಗೀತು!" ಎಂದು ಚಮಚವನ್ನು ಲೋಟದೊಳಗೆ ಠಣ್ಣೆಂದು ಬಿಟ್ಟಳು. ಭಾವ ಕಣ್ಣರಳಿಸಿ ಕೂತಿದ್ದರು. ಅಕ್ಕ ಮಾತ್ರ, "ಪಾಪ, ಅದಕ್ಕೆ ಗೊತ್ತೇ ಆಗಲ್ವೇನೆ?" ಎಂದು ಕೇಳಿ ಮೂವರನ್ನೂ ನಗಿಸಿದ್ದಳು. ಮೊದಲ ಕೀಮೋ ಆಗಿ ಕೆಲವು ದಿನಕ್ಕೆ ಅಕ್ಕ ಕಾಫಿ ಬಟ್ಟಲನ್ನು ಅತ್ತ ಸರಿಸಿ, "ನಂಗಿನ್ನು ಸಕ್ಕರೆ ಬೇಡ ಕಣೆ. ನೀನೇ ಹೇಳಿದ್ಯಲ್ಲ," ಎಂದಳು. ಅಯ್ಯೋ, ಹಾಗಲ್ಲ ಅಕ್ಕ, ನೀನು ತಿಂದರೂ ಬಿಟ್ಟರೂ ಮೈ ತನಗೆ ಬೇಕಾದ ಸಕ್ಕರೆಯನ್ನು ತಾನೇ ಮಾಡಿಕೊಳ್ಳುತ್ತದೆ, ಬಿಟ್ಟರೆ ಸೊರಗುವುದು ನೀನೇ ಹೊರತು ಆ ಗಡ್ಡೆಯಲ್ಲ ಎಂದು ಅವಳು ಅಂದೂ ಹೇಳಿದಳು, ಆಮೇಲೂ ಹೇಳಿದಳು. "ಗೊತ್ತಾಯ್ತು ಬಿಡೆ," ಎನ್ನುತ್ತಿದ್ದಳು ಅಕ್ಕ, ತಿನ್ನುತ್ತಿರಲಿಲ್ಲ. ಭಾವನಿಗಂತೂ ಹಿಡಿಯಲು ಒಂದು ಕೆಲಸ ಸಿಕ್ಕಿದಂತಾಗಿ, ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಪಕ್ಕದ ಮನೆಗೆ ಸಾಗಿಸಿ, ಬಿಸ್ಕತ್ತಿನ ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದತೊಡಗಿದರು. ಹಣ್ಣೂ ಹೋಯಿತು.

ಕಾಫಿ ಹಿಡಿದು ಅವಳು ಹೊರಗೆ ಬಂದಾಗ ಅಕ್ಕ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಬೆಳಕು ಅವಳ ಬತ್ತಿದ ಕೆನ್ನೆಯ ಗುಳಿಯಲ್ಲಿ ಬಿದ್ದಿತ್ತು. ಆ ಗುಳಿಯನ್ನು ನೋಡಿದಾಗೆಲ್ಲ ಅವಳಿಗೆ ಚಮಚ ಲೋಟಕ್ಕೆ ಬಿದ್ದ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ತೂಕ ನೋಡುವ ದಿನ. ಹೋದ ಸಲವೇ ಡಾಕ್ಟರು ಮುಖ ಗಂಟಿಕ್ಕಿ, "ಇನ್ನೂ ಇಳಿದ್ರೆ ಮುಂದಿನ ಡೋಸ್ ಕೊಡೋಕಾಗಲ್ಲ. ಮೈ ತಡೆಯಲ್ಲ. ಮುಂದಕ್ಕೆ ಹಾಕಬೇಕಾಗುತ್ತೆ," ಎಂದಿದ್ದರು. ಮುಂದಕ್ಕೆ ಹಾಕುವುದೆಂದರೆ ಏನೆಂಬುದು ಅವಳಿಗೆ ಭಾವನಿಗಿಂತ ಚೆನ್ನಾಗಿ ಗೊತ್ತು: ಆ ನಡುವೆ ಹೊಟ್ಟೆಬಾಕ ಜೀವಕೋಶಗಳು ಸುಮ್ಮನೆ ಕೂತಿರುವುದಿಲ್ಲ. ಆ ಸಲ ತೂಕದ ಯಂತ್ರದ ಮೇಲೆ ಅಕ್ಕ ನಿಂತಾಗ ನರ್ಸಮ್ಮ ಅನುಮಾನದಿಂದ ನೋಡಿ, "ಜೇಬಲ್ಲೇನಿದೆ ತೆಗೀರಿ," ಎಂದಳು. ಸ್ವೆಟರಿನ ಜೇಬಿನಿಂದ ಬಂದದ್ದು ಮನೆಯ ಬೀಗದಕೈಗಳ ದೊಡ್ಡ ಗೊಂಚಲು, ಭಾವನ ಕೆಲಸ. ಸಾಲಿನಲ್ಲಿದ್ದವರು ನಕ್ಕರು. ಭಾವ ಗೋಡೆಯ ಮೇಲಿನ ಗಡಿಯಾರವನ್ನು ಮೊದಲ ಸಲ ನೋಡುವವರಂತೆ ನೋಡುತ್ತ ನಿಂತುಬಿಟ್ಟರು. ಅವಳಿಗೆ ಮಾತ್ರ ನಗು ಬರಲಿಲ್ಲ. ಆ ಗೊಂಚಲನ್ನು ಅಲ್ಲಿ ಹಾಕಿಸಿದವಳು ತಾನೇ ಎನ್ನಿಸಿತ್ತು.

"ಮಧ್ಯಾಹ್ನ ನೇರ ಆಸ್ಪತ್ರೆಗೇ ಬರ್ತೀನಕ್ಕ," ಎಂದಳು.

"ನಿನ್ನ ಹುಳು ಏನಾದವೇ?" ಎಂದಳು ಅಕ್ಕ. ಪ್ರಯೋಗಾಲಯದ ಜೀವಕೋಶಗಳಿಗೆ ಅಕ್ಕ ಇಟ್ಟ ಹೆಸರು ಅದು.

"ಇವತ್ತು ಗೊತ್ತಾಗುತ್ತೆ."

"ಸಾಯ್ಲಿ ಮುಂಡೇವು," ಎಂದು ಅಕ್ಕ ಹರಸಿದಳು. ಭಾವ ಪತ್ರಿಕೆಯ ಹಿಂದಿನಿಂದ, "ನಿನ್ನ ಔಷಧಿ ಯಾವಾಗ ಬರುತ್ತೆ ಪುಟ್ಟಿ?" ಎಂದರು. ಎಷ್ಟು ಸಲ ಕೇಳಿದ್ದರೋ. "ಬರುತ್ತೆ ಭಾವ," ಎಂದು ಎಂದಿನಂತೆ ಹೇಳಿ ಅವಳು ಚಪ್ಪಲಿ ಮೆಟ್ಟಿದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಬರುತ್ತೆ ಭಾವ. ಬರುವುದಾದರೂ ಅಕ್ಕನಿಗೆ ಬರುವುದಿಲ್ಲ ಎಂಬುದನ್ನು ಅವಳು ಅವರಿಗೆ ಹೇಳಿರಲಿಲ್ಲ. ತಟ್ಟೆಯೊಳಗಿನ ಜೀವಕೋಶ ದಾಟಿ, ಇಲಿ ದಾಟಿ, ಮನುಷ್ಯರನ್ನು ಮುಟ್ಟುವ ಹೊತ್ತಿಗೆ ಅವಳ ತಲೆಯೂ ಪೂರ್ತಿ ನೆರೆತಿರುತ್ತದೆ. ಅಕ್ಕನ ನರದೊಳಗೆ ಇಳಿಯುತ್ತಿರುವುದು ಅದೇ ಹಳೆಯ ಔಷಧಿ, ಸಕ್ಕರೆಯಿಲ್ಲದ್ದು. ನೀರಿನಲ್ಲಿ ಕರಗದ ಹಟಮಾರಿ. ಎಣ್ಣೆಯಂಥ ಏನನ್ನೋ ಬೆರೆಸಿ ಕರಗಿಸಬೇಕು, ಆ ಎಣ್ಣೆ ಮೈಗೆ ಒಗ್ಗದೆ ಕಾಟ ಕೊಡಬಾರದೆಂದು ಮೊದಲೇ ಬೇರೆ ಸೂಜಿ ಚುಚ್ಚಬೇಕು. ಅದಕ್ಕೇ ಸಕ್ಕರೆ. ಸಕ್ಕರೆ ಅಂಟಿದರೆ ಅದು ನೀರಿಗೆ ಒಗ್ಗುತ್ತದೆ, ಯಾವ ಬಾಗಿಲು ತಟ್ಟಬೇಕೆಂಬುದೂ ಅದಕ್ಕೆ ತಿಳಿಯುತ್ತದೆ. ಕೇಳಲು ಎಷ್ಟು ಸುಲಭ. ಸಕ್ಕರೆಯ ಅಣುವಿಗೆ ಕೈಗಳು ಹೆಚ್ಚು. ಎಲ್ಲ ಕೈಗಳೂ ಎಲ್ಲವನ್ನೂ ಹಿಡಿಯಲು ಹೋಗುತ್ತವೆ. ಬೇಡದ ಕೈಗಳನ್ನೆಲ್ಲ ಒಂದೊಂದಾಗಿ ಕಟ್ಟಿಹಾಕಿ, ಬೇಕಾದ ಒಂದನ್ನು ಮಾತ್ರ ಬಿಟ್ಟು, ಅದಕ್ಕೆ ಔಷಧಿಯನ್ನು ಹಿಡಿಸಿ, ಆಮೇಲೆ ಕಟ್ಟಿದ್ದನ್ನೆಲ್ಲ ಹಿಡಿದದ್ದು ಬಿಡದ ಹಾಗೆ ಬಿಚ್ಚಬೇಕು. ಅವಳ ಯೌವನವೆಲ್ಲ ಕಟ್ಟುವುದರಲ್ಲೂ ಬಿಚ್ಚುವುದರಲ್ಲೂ ಹೋಗಿತ್ತು. ಪಕ್ಕದಲ್ಲಿ ಕೂತ ಹೆಂಗಸಿನ ತೊಡೆಯ ಮೇಲೆ ಮಗುವೊಂದು ಮಿಠಾಯಿ ಚೀಪುತ್ತ ಅವಳನ್ನೇ ದಿಟ್ಟಿಸುತ್ತಿತ್ತು. ಕೊಡಲೇ ಎಂಬಂತೆ ಅಂಟಂಟು ಕೈಯನ್ನು ಚಾಚಿತು. ಅವಳು ಬೇಡವೆಂದು ತಲೆಯಾಡಿಸಿ, ತಕ್ಷಣ ಯಾಕೋ ನಾಚಿಕೆಯಾಗಿ, ಕಿಟಕಿಯ ಕಡೆ ತಿರುಗಿಕೊಂಡಳು.

ಪ್ರಯೋಗಾಲಯದ ಕಳೆದ ಸಭೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊದಲ ಸಲ ಮಾಡಿದಾಗ ಅವಳ ಸಕ್ಕರೆ ಔಷಧಿ ಜೀವಕೋಶಗಳನ್ನು ಸಾಲುಸಾಲಾಗಿ ಕೆಡವಿತ್ತು. ಮುಖ್ಯಸ್ಥರು ಬೆನ್ನು ತಟ್ಟಿದ್ದರು. ಮತ್ತೊಮ್ಮೆ ಮಾಡಿ ತೋರಿಸಿ, ಆಮೇಲೆ ಇಲಿಗಳ ಮಾತು ಎಂದಿದ್ದರು. ಎರಡನೆಯ ಸಲ ಯಾರೂ ಒಂದು ಮಾತು ಆಡಬಾರದೆಂದು ಅವಳು ಎಲ್ಲಿಲ್ಲದ ಮುತುವರ್ಜಿ ವಹಿಸಿದಳು. ಜೀವಕೋಶಗಳನ್ನು ಸಾಕುವವನನ್ನು ಅಲ್ಲಿ ಎಲ್ಲರೂ ಅನ್ನದಾತ ಎಂದು ಕರೆಯುತ್ತಾರೆ. ಅವುಗಳ ಊಟ, ಅಂದರೆ ಅವು ಮುಳುಗಿ ಬದುಕುವ ಕೆಂಪು ನೀರನ್ನು ಹೊತ್ತು ಹೊತ್ತಿಗೆ ಬದಲಿಸುವುದು ಅವನ ಕೆಲಸ. ಅವನಿಗೆ ಅವಳು, "ಔಷಧಿ ಹಾಕೋಕೆ ಮುಂಚೆ ಚೆನ್ನಾಗಿ ತಿನ್ನಿಸಿಬಿಡಿ. ಹೊಸ ನೀರು ಕೊಡಿ, ಒಳ್ಳೇದು, ಸಕ್ಕರೆ ಜಾಸ್ತಿ ಇರೋದು. ಆಮೇಲೆ ಜೀವಕೋಶ ಸೊರಗಿದ್ವು, ಅದಕ್ಕೇ ಸತ್ವು ಅಂತ ಯಾರೂ ಅನ್ನಬಾರದು," ಎಂದು ಹೇಳಿದ್ದಳು. ಅವನು ಹೇಳಿದ ಹಾಗೆ ಮಾಡಿದ. ಫಲಿತಾಂಶ ಬಂದಾಗ ಒಂದೂ ಸತ್ತಿರಲಿಲ್ಲ. ಸಭೆಯಲ್ಲಿ ಮುಖ್ಯಸ್ಥರು ಪರದೆಯ ಮೇಲಿನ ಚಿತ್ರವನ್ನು ನೋಡಿ, "ನಿಮ್ಮ ಔಷಧಿಯಲ್ಲಿ ಸಕ್ಕರೆ ಮಾತ್ರ ಕೆಲಸ ಮಾಡ್ತಿರೋ ಹಾಗಿದೆಯಲ್ಲಮ್ಮ. ಕೊಬ್ಬಿ ನಿಂತಿವೆ!" ಎಂದರು. ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವಳು ಅವಳೇ. ಯಾಕೆ ನಕ್ಕೆ ಎಂದು ಅಂದಿನಿಂದ ಅವಳು ತನ್ನನ್ನು ಕೇಳಿಕೊಳ್ಳುತ್ತಿದ್ದಾಳೆ. ಮುಖ್ಯಸ್ಥರೇನೂ ಕೆಟ್ಟವರಲ್ಲ. ಇನ್ನೊಂದೇ ಒಂದು ಸಲ ಮಾಡಿ, ಆಗದಿದ್ದರೆ ಇದನ್ನು ಇಲ್ಲಿಗೆ ಬಿಟ್ಟುಬಿಡೋಣ ಎಂದು ಮೆತ್ತಗೆ ಹೇಳಿದ್ದರು.

ತಪ್ಪು ಹೊಳೆದದ್ದು ಪ್ರಯೋಗಾಲಯದಲ್ಲಲ್ಲ, ಮನೆಯ ತೊಟ್ಟಿಯಲ್ಲಿ ಪಾತ್ರೆ ತೊಳೆಯುವಾಗ. ಅದಕ್ಕೆ ಸ್ವಲ್ಪ ಮುಂಚೆ ಊಟಕ್ಕೆ ಕೂತಾಗ ಭಾವ ಅಕ್ಕನ ತಟ್ಟೆಗೆ ಇನ್ನೊಂದು ಸೌಟು ಬಡಿಸಲು ಹೋಗಿ, ಅಕ್ಕ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕು ಅಂದ್ರೆ ಸಾಕು. ಜಾಗ ಎಲ್ಲಿದೆ?" ಎಂದು ರೇಗಿದ್ದಳು. ಆ ಅಂಗೈ ಅವಳ ಕಣ್ಣ ಮುಂದಿನಿಂದ ಹೋಗಲಿಲ್ಲ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಜಾಗ ಎಲ್ಲಿದೆ! ಹೊಟ್ಟೆ ಬಿರಿಯ ತಿನ್ನಿಸಿ, ಸುತ್ತ ಸಕ್ಕರೆಯ ನೀರು ತುಂಬಿಸಿ, ಆಮೇಲೆ ಸಕ್ಕರೆ ಅಂಟಿಸಿದ ಔಷಧಿಯನ್ನು ಕಳಿಸಿದರೆ ಯಾವ ಜೀವಕೋಶ ತಾನೇ ಅದಕ್ಕೆ ಬಾಗಿಲು ತೆಗೆದೀತು? ಬಾಗಿಲಲ್ಲೆಲ್ಲ ಬರಿ ಸಕ್ಕರೆಯ ನೂಕುನುಗ್ಗಲು. ಅವಳ ಔಷಧಿ ಸರದಿ ಸಿಗದೆ ಹೊರಗೇ ನಿಂತಿತ್ತು. ರಕ್ತದಲ್ಲಿ ಇರುವಷ್ಟು ಸಕ್ಕರೆ ಕೊಡಬೇಕಾದಲ್ಲಿ ಅದರ ಐದು ಪಟ್ಟು ಸುರಿಸಿದ್ದಳು. ಅವಳಿಗೆ ಕುಣಿಯಬೇಕೆನ್ನಿಸಿತು. ಮರುಗಳಿಗೆಯೇ ಹೇಸಿಗೆಯಾಯಿತು. ಅಕ್ಕ ಊಟ ಬಿಟ್ಟು ಸೊರಗುತ್ತಿದ್ದಾಳೆ, ಅದರಿಂದ ತನಗೆ ಬುದ್ಧಿ ಹೊಳೆಯಿತೆಂದು ಕುಣಿಯುವುದೇ? ತಟ್ಟೆಯಲ್ಲಿದ್ದ ಜೀವಕೋಶಗಳಿಗೆ ಬೇಡವೆಂದರೂ ಉಣ್ಣಿಸಿದವಳು, ಒಡಹುಟ್ಟಿದವಳ ಬಾಯಿಂದ ತುತ್ತು ಕಸಿದವಳು. ಎರಡು ಕಡೆಯೂ ಉಲ್ಟಾ. ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದುದನ್ನು ಭಾವ ಬಂದು ನೋಡಿ, "ಕೊಡು, ನಾನು ತೊಳೀತೀನಿ, ನೀನು ಮಲಕ್ಕೋ," ಎಂದಿದ್ದರು.

ಬಸ್ಸಿಳಿದು ಪ್ರಯೋಗಾಲಯಕ್ಕೆ ಬಂದರೆ ಅನ್ನದಾತ ಬಾಗಿಲಲ್ಲೇ ಸಿಕ್ಕಿದ. "ಬಣ್ಣ ಹಾಕಿ ಇಟ್ಟಿದೀನಿ ಮೇಡಂ. ಇನ್ನು ಸ್ವಲ್ಪ ಹೊತ್ತು ಬಿಡಬೇಕು," ಎಂದ. ಈ ಸಲ ಸಾಲುಸಾಲು ಗುಳಿಗಳಿದ್ದ ಒಂದೇ ತಟ್ಟೆಯನ್ನು ಎರಡು ಪಾಲು ಮಾಡಿದ್ದರು. ಎಡಗಡೆಯ ಗುಳಿಗಳಲ್ಲಿ ಕಡಿಮೆ ಸಕ್ಕರೆಯ ನೀರು, ಬಲಗಡೆ ಹಿಂದಿನ ಸಲದ ಹಾಗೆ ಭರ್ಜರಿ ಊಟ. ಎರಡು ಪಾಲಿಗೂ ಅದೇ ಔಷಧಿ, ಅಷ್ಟೇ ಪ್ರಮಾಣ. ಹಾಕುವ ಬಣ್ಣ ಹಳದಿ. ಜೀವವಿರುವ ಜೀವಕೋಶ ಅದನ್ನು ನೇರಳೆ ಮಾಡಿಬಿಡುತ್ತದೆ, ಸತ್ತದ್ದಕ್ಕೆ ಆ ಕಸುವಿಲ್ಲ. ಸತ್ತ ಗುಳಿ ಹಳದಿಯಾಗಿಯೇ ಉಳಿಯುತ್ತದೆ. ಕಾಯುವಾಗ ಮಾಡಲು ಬೇಕಾದಷ್ಟು ಕೆಲಸವಿತ್ತು. ಅವಳು ಒಂದನ್ನೂ ಮಾಡಲಿಲ್ಲ. ಒಂದು ಗಾಜಿನ ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದು ಇಟ್ಟಳು, ಮತ್ತೆ ಎತ್ತಿದಳು. ಅವಳ ಭಯ ಬೇರೆಯೇ ಇತ್ತು. ಎಡಗಡೆ ಎಲ್ಲವೂ ಹಳದಿಯಾಯಿತು ಅಂದುಕೊಳ್ಳೋಣ. ಔಷಧಿ ತಿಂದು ಸತ್ತವೋ, ಉಪವಾಸದಿಂದಲೇ ಸತ್ತವೋ? ಅದಕ್ಕೆಂದೇ ಎಡಗಡೆಯ ಕೊನೆಯ ಸಾಲಿಗೆ ಔಷಧಿ ಹಾಕಿರಲಿಲ್ಲ, ಬರೀ ಕಡಿಮೆ ಊಟ. ಆ ಸಾಲು ಬದುಕಿರಬೇಕು. ಆ ಸಾಲೂ ಹಳದಿಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು, ಅವಳು ಕೊಂದದ್ದು ಬರೀ ಹಸಿವಿನಿಂದ ಎಂದಾಯಿತು. ಹಸಿವಿನಿಂದ ಕೊಲ್ಲುವುದು. ಕಿಟಕಿ, ಕುರ್ಚಿ, ಕೆನ್ನೆಯ ಗುಳಿ. ಅವಳು ನೀರು ಕುಡಿಯಲು ಎದ್ದುಹೋದಳು.

"ಮೇಡಂ, ತೆಗೀಲಾ?" ಎಂದು ಅನ್ನದಾತ ಕರೆದಾಗ ಅವಳು, "ಇರಿ, ನಾನೇ ತೆಗೀತೀನಿ," ಎಂದಳು, ತೆಗೆಯಲಿಲ್ಲ. "ನೀವೇ ತೆಗೀರಿ." ಅವನು ಇನ್ಕ್ಯುಬೇಟರಿನ ಬಾಗಿಲು ತೆರೆದು, ಅಂಗೈ ಅಗಲದ ಆ ತಟ್ಟೆಯನ್ನು ತಂದು, ಬೋರಲಿಸಿ ಮೇಲಿನ ನೀರನ್ನು ಚೆಲ್ಲಿ, ತಳದಲ್ಲಿ ಕೂತ ಬಣ್ಣದ ಹರಳುಗಳನ್ನು ಕರಗಿಸುವ ದ್ರವವನ್ನು ಗುಳಿಗುಳಿಗೂ ಬಿಟ್ಟು ಮೆಲ್ಲನೆ ಅಲುಗಿಸಿದ. ಅವಳು ಮೊದಲು ನೋಡಿದ್ದು ಆ ಕೊನೆಯ ಸಾಲನ್ನು, ಬೇರೆ ಯಾವುದನ್ನೂ ಅಲ್ಲ. ನೇರಳೆ. ಅಚ್ಚ ನೇರಳೆ. ಅರೆಹೊಟ್ಟೆಯಲ್ಲಿದ್ದರೂ ಒಂದೊಂದೂ ಜೀವ ಹಿಡಿದುಕೊಂಡಿತ್ತು. ಆಮೇಲೆ ಬಲಪಾಲನ್ನು ನೋಡಿದಳು. ಅಲ್ಲೂ ನೇರಳೆ, ಕೊಬ್ಬಿದ ನೇರಳೆ, ಔಷಧಿಯ ಗೊಡವೆಯೇ ಇಲ್ಲದ್ದು. ಕಟ್ಟಕಡೆಗೆ ಎಡಗಡೆಯ ಔಷಧಿಯ ಸಾಲುಗಳಿಗೆ ಕಣ್ಣು ಹಾಯಿಸಿದಾಗ ಅಲ್ಲಿ ತಿಳಿಯಾದ ಹಳದಿ, ಸಾಲಿಗೆ ಸಾಲು, ಒಂದು ಗುಳಿಯೂ ತಪ್ಪದ ಹಾಗೆ. ತಟ್ಟೆಯ ನಡುವೆ ಯಾರೋ ಗೆರೆ ಎಳೆದಂತಿತ್ತು. ಅನ್ನದಾತ ಏನೋ ಹೇಳುತ್ತಿದ್ದ. "ಮೇಡಂ, ಇದು ನಿಜವಾಗ್ಲೂ... ಮೇಡಂ, ನೀವು ಅಳ್ತಿದೀರಾ?"

"ಇಲ್ಲ, ಆ ದ್ರವದ ಘಾಟು," ಎಂದಳು. ಅದಕ್ಕೆ ಘಾಟಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮುಖ್ಯಸ್ಥರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಅಂದ್ರೆ ಹೋದ ಸಲ ನಾವು ಅವಕ್ಕೆ ಮದುವೆ ಊಟ ಹಾಕಿಬಿಟ್ಟಿದ್ವಿ," ಎಂದರು. ನಾವು ಎಂದದ್ದನ್ನು ಅವಳು ಗಮನಿಸಿದಳು. "ಮದುವೆ ಊಟ ಹಾಕಿಸಿದ್ದು ನಾನೇ ಸರ್," ಎಂದಳು. "ಯಾರಾದ್ರೂ ಆಗ್ಲಿ ಬಿಡಿ. ಇಲಿಗಳ ಮೇಲೆ ಮಾಡೋಕೆ ಬರೆದು ಹಾಕ್ತೀನಿ. ಮನುಷ್ಯರ ರಕ್ತದಲ್ಲಿ ಇರೋಷ್ಟೇ ಸಕ್ಕರೆಯಲ್ಲಿ ಕೆಲಸ ಮಾಡುತ್ತೆ ಅಂದ್ರೆ ಇನ್ನೇನು ಬೇಕು?" ಎಂದು ಅವರು ನಕ್ಕರು. ಈ ಸಲ ಅವಳು ಮೊದಲು ನಗಲಿಲ್ಲ, ಅವರ ನಗು ಮುಗಿಯುವವರೆಗೆ ಕಾದಳು, ಆಮೇಲೆ ತನ್ನಷ್ಟಕ್ಕೆ ನಕ್ಕಳು. ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು. ಕೊನೆಯ ಮೆಟ್ಟಿಲಲ್ಲಿ ಅಕ್ಕನ ನೆನಪಾಯಿತು, ಹಗುರಾದದ್ದಕ್ಕೆ ತಾನು ಅರ್ಹಳಲ್ಲ ಎನ್ನಿಸಿತು.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ನೆಲ ಒರೆಸಿದ ವಾಸನೆ. ಸಾಲು ಕುರ್ಚಿಗಳಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡವರು, ಅವರ ಪಕ್ಕದಲ್ಲಿ ಚೀಲ ಹಿಡಿದವರು. ಅಕ್ಕ, ಭಾವ ಮೂಲೆಯಲ್ಲಿದ್ದರು. ಅವಳನ್ನು ಕಂಡದ್ದೇ ಭಾವ ಎದ್ದು, ಅಕ್ಕನಿಗೆ ಕೇಳದ ಹಾಗೆ ಪಕ್ಕಕ್ಕೆ ಕರೆದು, "ಇವತ್ತು ಜೇಬಲ್ಲಿ ಏನೂ ಹಾಕಿಲ್ಲ ಪುಟ್ಟಿ. ದೇವರ ಮೇಲೆ ಭಾರ. ನಂಗೆ ಕೈಕಾಲು ಆಡ್ತಿಲ್ಲ," ಎಂದರು. ಅವರ ಗಡ್ಡದಲ್ಲಿ ಬೆಳಿಗ್ಗೆ ಬೋಳಿಸದೆ ಬಿಟ್ಟ ಒಂದು ಬಿಳಿಯ ಪಟ್ಟಿ ಉಳಿದಿತ್ತು. ಲೇಬಲ್ಲುಗಳನ್ನು ಓದುವ ಈ ಮನುಷ್ಯನನ್ನು ತಾನು ಒಳಗೊಳಗೇ ಎಷ್ಟು ಲೇವಡಿ ಮಾಡಿದ್ದೆ ಎಂದು ಅವಳಿಗೆ ಪಿಚ್ಚೆನ್ನಿಸಿತು. ತನ್ನ ಮಾತನ್ನು ಕೇಳಿದ ತಪ್ಪಿಗೆ ತಾನೇ ಅವರು ಹೀಗಾದದ್ದು. ನರ್ಸಮ್ಮ ಕರೆದಳು. ಹೋದ ಸಲದವಳೇ. ಅಕ್ಕನನ್ನು ನೋಡಿದವಳೇ, "ಬೀಗದಕೈ ಮನೇಲೇ ಬಿಟ್ಟು ಬಂದ್ರಾ?" ಎಂದು ಕೇಳಿದಳು. ಅಕ್ಕ ಜೇಬುಗಳೆರಡನ್ನೂ ಹೊರಗೆಳೆದು ತೋರಿಸಿ, ರಾಣಿಯ ಹಾಗೆ ಯಂತ್ರವನ್ನೇರಿದಳು. ಮುಳ್ಳು ಅತ್ತಿತ್ತ ತೂಗಾಡಿತು. ಭಾವ ಗಡಿಯಾರ ನೋಡುತ್ತಿದ್ದರು. ಅವಳು ಮುಳ್ಳನ್ನು ನೋಡಲಾರದೆ ನರ್ಸಮ್ಮನ ಮುಖವನ್ನು ನೋಡಿದಳು. ಬೆಳಿಗ್ಗೆ ಆ ಕೊನೆಯ ಸಾಲನ್ನು ನೋಡಿದ ಹಾಗೆ, ಬೇರೆ ಯಾವುದನ್ನೂ ನೋಡದೆ. ನರ್ಸಮ್ಮನ ಹುಬ್ಬು ಮೇಲೇರಿತು. "ಪರವಾಗಿಲ್ವೇ! ಏರಿದೆ. ಜಾಸ್ತಿ ಏನಲ್ಲ, ಆದ್ರೂ ಏರಿದೆ. ಏನು ತಿನ್ನಿಸ್ತಿದೀರಿ ಇವರಿಗೆ?"

"ನಾವೇನೂ..." ಎಂದು ಭಾವ ತೊದಲಿದರು. ಡಾಕ್ಟರು ಕಾಗದ ನೋಡಿ, ನಾಳೆ ಬೆಳಿಗ್ಗೆಯೇ ಡೋಸ್ ಕೊಡೋಣ ಎಂದರು. ಅಷ್ಟೇ. ಅದಕ್ಕೆ ಸಂತೋಷ ಪಡುವುದೆಂದರೆ ಎಂಥ ವಿಚಿತ್ರ, ಒಬ್ಬರ ಮೈಗೆ ವಿಷ ಇಳಿಸಲು ಅಪ್ಪಣೆ ಸಿಕ್ಕಿತೆಂದು ಮೂವರು ಹಲ್ಲು ಬಿಡುವುದು. ಭಾವ ಔಷಧಿ ಅಂಗಡಿಯ ಸಾಲಿಗೆ ಓಡಿದರು. ಅವರ ಬೆನ್ನು ಮರೆಯಾದದ್ದೇ ಅವಳು ಅಕ್ಕನ ಪಕ್ಕ ಕೂತು, ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಬಿಚ್ಚಿದಳು. "ಅಕ್ಕ, ಅವತ್ತು ನಾನು ಸಕ್ಕರೆ ವಿಷಯ ಹೇಳಬಾರದಿತ್ತು. ಬಾಯಿಗೆ ಬಂದ ಹಾಗೆ ಹೇಳಿದೆ. ನನ್ನಿಂದ ನೀನು ಇಷ್ಟು ದಿನ..."

"ಏನು ನಿನ್ನಿಂದ?"

"ಸಕ್ಕರೆ ಬಿಟ್ಯಲ್ಲ."

ಅಕ್ಕ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಭುಜ ಕುಣಿಯುವಷ್ಟು ನಕ್ಕಳು. ಎದುರಿನ ಕುರ್ಚಿಯವರು ತಿರುಗಿ ನೋಡಿದರು. "ಅಯ್ಯೋ ಹುಚ್ಚಿ! ನಿನ್ನ ಭಾಷಣ ಕೇಳಿ ಬಿಟ್ಟೆ ಅಂದ್ಕೊಂಡ್ಯಾ? ನೀನು ಹೇಳಿದ್ದು ಯಾವುದನ್ನ ನಾನು ಇವತ್ತಿನವರೆಗೂ ಕೇಳಿದೀನಿ ಹೇಳು?" ಕಣ್ಣೊರೆಸಿಕೊಂಡು ದನಿ ತಗ್ಗಿಸಿದಳು. "ಮೊದಲನೇ ಕೀಮೋ ಆದ್ಮೇಲೆ ನಾಲಿಗೆ ಸತ್ತುಹೋಯ್ತು ಕಣೆ. ಸಿಹಿ ಬಾಯಿಗಿಟ್ರೆ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಹಣ್ಣೂ ಹಾಗೇ. ಅದನ್ನ ಹೇಳಿದ್ರೆ ನಿಮ್ಮ ಭಾವ ಅದು ತಿನ್ನು, ಇದು ತಿನ್ನು ಅಂತ ಇನ್ನೂ ಹತ್ತು ಥರ ತರ್ತಾರೆ, ಕೂತು ಅಳ್ತಾರೆ. ನೀನು ಹೇಳಿದ್ದು ಒಳ್ಳೇ ನೆಪ ಆಯ್ತು. ಸೈನ್ಸು ಅಂದ್ರೆ ಅವರು ತುಟಿ ಪಿಟಕ್ ಅನ್ನಲ್ಲ."

ಇಷ್ಟು ದಿನ ಅವಳು ಹೊತ್ತ ಭಾರವನ್ನು ಯಾರೋ ಹಿಂದಿನಿಂದ ಎತ್ತಿಕೊಂಡು ಹೋದರು. ಹೋಗುವಾಗ ಅದು ನಿನ್ನದಲ್ಲವಮ್ಮ ಎಂದೂ ಹೇಳಿದರು. ಬಿಡುಗಡೆಯ ಜೊತೆ ಸಣ್ಣದೊಂದು ಅವಮಾನವೂ ಆಯಿತು. ಅಕ್ಕನ ಕೆನ್ನೆಯ ಗುಳಿಯನ್ನು ತಾನೇ ಕೊರೆದೆ ಎಂದುಕೊಳ್ಳುವುದರಲ್ಲಿ ತನ್ನ ಮಾತಿಗೆ ಅಷ್ಟು ಬಲವಿದೆ ಎಂಬ ಜಂಬವೂ ಅವಿತಿತ್ತೆಂದು ಅವಳಿಗೆ ಈಗ ಕಂಡಿತು. ಪರವಾಗಿಲ್ಲ. ಈ ಅವಮಾನ ಅವಳಿಗೆ ಹಿತವಾಗಿತ್ತು. "ಮತ್ತೆ ತೂಕ ಹ್ಯಾಗೆ ಏರ್ತು?" ಎಂದು ಕೇಳಿದಳು.

"ನಾಲಿಗೆ ವಾಪಸ್ ಬಂತು. ಈಚೆಗೆ. ಒಂದಿನ ಮಧ್ಯಾಹ್ನ ಇವರು ಗೊರಕೆ ಹೊಡೀತಿದ್ರು, ನಂಗೆ ಇದ್ದಕ್ಕಿದ್ದ ಹಾಗೆ ಸಿಹಿ ಬೇಕು ಅನ್ನಿಸ್ತು. ಹಿಟ್ಟಿನ ಡಬ್ಬಿ ಹಿಂದೆ ಕೈ ಹಾಕಿದೆ." ಅಕ್ಕ ಅವಳ ತೊಡೆಯನ್ನು ಚಿವುಟಿದಳು. "ನಿನ್ನ ಡಬ್ಬಿ ಖಾಲಿ ಆಗ್ತಿರೋದು ಗೊತ್ತಾಗ್ಲಿಲ್ವೇನೆ? ಅದೇನು ಓದಿದ್ಯೋ! ಚಿಕ್ಕವಳಿದ್ದಾಗಿಂದ ನೀನು ಬಚ್ಚಿಡೋ ಜಾಗ ಅದೊಂದೇ. ಸಕ್ಕರೆ ಹಾಕ್ಕೊಂಡು ಹಾಲು, ಸಕ್ಕರೆ ಹಾಕ್ಕೊಂಡು ಬ್ರೆಡ್ಡು. ದಿನಾ ತಿಂದೆ. ಮುಚ್ಚಳ ಮಾತ್ರ ದರಿದ್ರದ್ದು, ಸದ್ದು ಮಾಡದ ಹಾಗೆ ತೆಗೆಯೋಕೆ ನನಗೆ ಎಷ್ಟು ಕಷ್ಟ ಆಯ್ತು ಗೊತ್ತಾ?"

"ಎಡಗೈ ಹೆಬ್ಬೆರಳು ಅಂಚಿಗೆ ಒತ್ತಬೇಕು," ಎಂದಳು ಅವಳು. ಹೇಳುವಾಗಲೇ ಅಳು ಬಂತು, ಅಳುವಾಗಲೇ ನಗು. ಅಕ್ಕ ಅವಳ ತಲೆಯನ್ನು ತನ್ನ ಮೂಳೆ ಮೂಳೆ ಭುಜಕ್ಕೆ ಎಳೆದುಕೊಂಡಳು. "ನಿನ್ನ ಹುಳು?" ಎಂದು ಕೇಳಿದಳು.

"ಸತ್ವು."

"ಎಲ್ಲಾ?"

"ಸಾಯ್ಬೇಕಾದೋವು."

"ಹಾಗಾದ್ರೆ ಸರಿ," ಎಂದಳು ಅಕ್ಕ, ಯಾವುದೋ ಲೆಕ್ಕ ಚುಕ್ತಾ ಆದವಳ ಹಾಗೆ. ತಲೆಯ ಬಟ್ಟೆಯನ್ನು ಸರಿಮಾಡಿಕೊಂಡು, "ನಾಳೆ ಅದು ಮೈಗೆ ಹತ್ತಿದ್ಮೇಲೆ ನಾಲಿಗೆ ಮತ್ತೆ ಹೋಗುತ್ತೇನೋ. ಹೋದ್ರೆ ಹೋಗ್ಲಿ. ಒಂದು ಸಲ ಹೋಗಿ ಬಂದಿದೆ, ಅದಕ್ಕೆ ದಾರಿ ಗೊತ್ತಿದೆ," ಎಂದಳು. ದೂರದಲ್ಲಿ ಭಾವ ಔಷಧಿಯ ಚೀಲವನ್ನು ಎದೆಗವಚಿಕೊಂಡು ಬರುತ್ತಿದ್ದರು. "ಅವರಿಗೆ ಹೇಳೋದಾ?" ಎಂದು ಅವಳು ಕೇಳಿದಳು. "ನೀನೇ ಹೇಳು. ಸೈನ್ಸು ಅಂತ ಹೇಳು," ಎಂದಳು ಅಕ್ಕ. ಬಸ್ಸಿನಲ್ಲಿ ಅವಳು ಹೇಳಿದಳು. ಚಮಚ, ಲೋಟ ಇಲ್ಲದೆ, ನಿಧಾನವಾಗಿ, ತೂಕ ಏರಿದ್ದು ಯಾವುದರಿಂದ ಎಂಬುದನ್ನೂ ಬಿಡದೆ ಹೇಳಿದಳು. ಭಾವ ಎರಡು ನಿಲ್ದಾಣ ಮುಖ ಊದಿಸಿಕೊಂಡೇ ಕೂತರು. ಮೂರನೆಯದರಲ್ಲಿ, "ಅಂದ್ರೆ ನಾನು ಆ ಸಣ್ಣ ಅಕ್ಷರ ಎಲ್ಲ ಓದಿದ್ದು ದಂಡ," ಎಂದರು. "ಕಣ್ಣಿಗೆ ಒಳ್ಳೇದಾಯ್ತು ಬಿಡಿ," ಎಂದಳು ಅಕ್ಕ. ಭಾವ ಕಿಟಕಿಯ ಕಡೆ ತಿರುಗಿದರು. ಅವರು ನಗುತ್ತಿದ್ದಾರೆಂದು ಗಾಜಿನಲ್ಲಿ ಕಾಣುತ್ತಿತ್ತು.

ಮನೆಗೆ ಬಂದು ಕೈಕಾಲು ತೊಳೆದು ಅವಳು ಕಾಫಿಗಿಟ್ಟಳು. ಹಾಲು ಉಕ್ಕುವುದರೊಳಗೆ ಹಿಟ್ಟಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಸಕ್ಕರೆ ಡಬ್ಬಿಯನ್ನು ಮುಂದಕ್ಕೆ ಎಳೆದಳು. ಹೆಬ್ಬೆರಳು ತಾನಾಗಿಯೇ ಅಂಚಿಗೆ ಹೋಯಿತು. ಅದನ್ನು ಅಲ್ಲಿಂದ ತೆಗೆದು, ಮುಚ್ಚಳವನ್ನು ಹಿಡಿದು ಒಂದೇ ಏಟಿಗೆ ಎತ್ತಿದಳು. ಮುಚ್ಚಳ ಕೈಜಾರಿ ನೆಲಕ್ಕೆ ಬಿದ್ದು, ಕಲ್ಲಿನ ಮೇಲೆ ಗಿರಗಿರನೆ ತಿರುಗಿ, ಮನೆಯೆಲ್ಲ ಕೇಳುವ ಹಾಗೆ ಸದ್ದು ಮಾಡುತ್ತ ತಿರುಗುತ್ತಲೇ ಇತ್ತು. ಅವಳು ಅದನ್ನು ಹಿಡಿಯಲು ಹೋಗಲಿಲ್ಲ. ಅದು ನಿಂತ ಮೇಲೆ ಹೊರಗಿನಿಂದ ಅಕ್ಕನ ದನಿ ಕೇಳಿತು:

"ನಂಗೆ ಎರಡು ಚಮಚ!"